ಚಿಕ್ಕ ಬಾತ್‌ರೂಮು, ಅರವತ್ತು ಸಾವಿರ ರೂಪಾಯಿ, ಹೋಟೆಲ್ ಲುಕ್ಕು

ಪ್ರಶ್ನೆ: ನಮ್ಮದು ತುಮಕೂರಿನಲ್ಲಿ 30×40 ಸೈಟಿನ ಮನೆ. ಕಟ್ಟಿಸಿ 14 ವರ್ಷ ಆಯಿತು. ನಾವು ಮೇಲಿದ್ದೇವೆ, ಕೆಳಗೆ ಬಾಡಿಗೆಯವರು. ಇರುವ ಒಂದೇ ಬಾತ್‌ರೂಮು 7 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ. ಮೇಲೆ ಅಟ್ಟ ಇರುವುದರಿಂದ ಎತ್ತರವೂ ಏಳೇ ಅಡಿ. ಗೋಡೆಗೆ ಕ್ರೀಮ್ ಬಣ್ಣದ 8×12 ಇಂಚಿನ ಟೈಲ್ಸ್, ನಡುವೆ ಒಂದು ಹೂವಿನ ಬಾರ್ಡರ್. ಬೋರ್‌ವೆಲ್ ನೀರು. ಎಷ್ಟು ಉಜ್ಜಿದರೂ ಬಸ್ ಸ್ಟ್ಯಾಂಡಿನ ಬಾತ್‌ರೂಮಿನ ಹಾಗೇ ಕಾಣುತ್ತದೆ. ಎರಡೂವರೆ ತಿಂಗಳಲ್ಲಿ ಮಗಳ ಮದುವೆ, ಬೀಗರು ಬಂದು ಉಳಿಯುತ್ತಾರೆ. ಕಂಟ್ರಾಕ್ಟರ್ ಎಲ್ಲ ಒಡೆದು ಮಾಡಲು 2.2 ಲಕ್ಷ ಕೇಳಿದ. ನಮ್ಮ ಹತ್ತಿರ ಇರುವುದು 60 ಸಾವಿರ. ಹೋಟೆಲಿನ ತರಹ ಕಪ್ಪು ಟೈಲ್ಸ್, ಗ್ಲಾಸ್ ಪಾರ್ಟಿಷನ್ ಮಾಡಿಸುವ ಆಸೆ. ಹಳೇ ಟೈಲ್ಸ್ ಮೇಲೇ ಹೊಸದನ್ನು ಅಂಟಿಸಬಹುದು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಅತ್ತೆಗೆ 74 ವರ್ಷ, ಅವರೂ ಇದನ್ನೇ ಬಳಸುತ್ತಾರೆ. ಅಂದ ಹಾಗೆ, ಕೆಳಗಿನ ಮನೆಯ ಸೀಲಿಂಗಿನಲ್ಲಿ ತಟ್ಟೆಯಗಲದ ಒಂದು ತೇವದ ಕಲೆ ಇದೆ. ಏನು ಮಾಡಲಿ?

ಉತ್ತರ: ‘ಅಂದ ಹಾಗೆ’ ಅಂತ ಪತ್ರದ ಕೊನೆಗೆ ಬರೆದಿದ್ದೀರಲ್ಲ, ತಟ್ಟೆಯಗಲದ ಆ ಕಲೆ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ನಿಮಗೆ ಬೀಗರ ಚಿಂತೆ. ನನಗೆ ಆ ಕಲೆಯ ಚಿಂತೆ. ಅದು ಎಲ್ಲಿಂದ ಬಂತು ಅಂತ ಗೊತ್ತಾಗುವವರೆಗೆ ಒಂದು ಟೈಲ್ ಕೂಡ ಕೊಳ್ಳಬೇಡಿ.

ನಮ್ಮ ಕಡೆಯ ಮನೆಗಳಲ್ಲಿ ಬಾತ್‌ರೂಮಿನ ಸ್ಲ್ಯಾಬನ್ನು ಒಂದು ಅಡಿಯಷ್ಟು ಕೆಳಗೆ ಇಳಿಸಿರುತ್ತಾರೆ. ಮೇಸ್ತ್ರಿಗಳು ಅದಕ್ಕೆ ಸಂಕನ್ ಅನ್ನುತ್ತಾರೆ. ಆ ಗುಂಡಿಯಲ್ಲಿ ಪೈಪು ಓಡಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್ ಹಾಕುತ್ತಾರೆ. ಟೈಲ್ಸ್ ಸಂದಿಯಲ್ಲಿ ಇಳಿದ ನೀರು ಎಲ್ಲೂ ಹೋಗುವುದಿಲ್ಲ. ಆ ಚೂರಿನ ನಡುವೆ ಕೆರೆ ಕಟ್ಟಿಕೊಂಡು ಕೂತಿರುತ್ತದೆ. ಸ್ಲ್ಯಾಬಿನಲ್ಲಿ ದಾರಿ ಸಿಕ್ಕ ದಿನ ಕೆಳಗಿನವರ ಸೀಲಿಂಗಿನಲ್ಲಿ ಕಾಣಿಸಿಕೊಳ್ಳುತ್ತದೆ. ನಾನು ನೋಡಿದ ಸೋರಿಕೆಗಳಲ್ಲಿ ಹೆಚ್ಚಿನವು ಎರಡು ಜಾಗದಲ್ಲಿ ಶುರುವಾಗಿದ್ದವು: ನೀರು ಹೋಗುವ ನಹನಿ ಟ್ರ್ಯಾಪಿನ ಸುತ್ತ, ಇಲ್ಲವೇ ಗೋಡೆ ನೆಲ ಸೇರುವ ಮೂಲೆಯಲ್ಲಿ.

ಪರೀಕ್ಷೆಗೆ ಹೆಚ್ಚು ಖರ್ಚಿಲ್ಲ. ಮೊದಲು ಕೆಳಗಿನ ಮನೆಗೆ ಹೋಗಿ ಕಲೆಯ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಮನೆಯವರೆಲ್ಲ ಊರಿಗೆ ಹೋಗುವ ಒಂದು ದಿನ ನೋಡಿಕೊಂಡು, ಟ್ರ್ಯಾಪಿಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಟ್ಟೆ ತುರುಕಿ, ಬಾಗಿಲ ಹೊಸ್ತಿಲಿಗೆ ಗಾರೆಯ ಸಣ್ಣ ಕಟ್ಟೆ ಕಟ್ಟಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ. 24 ಗಂಟೆ ಬಿಡಿ. ಕಲೆ ಗೆರೆ ದಾಟಿದರೆ ನೆಲವೇ ಕಳ್ಳ. ದಾಟದಿದ್ದರೆ, ಪ್ಲಂಬರ್‌ನನ್ನು ಕರೆಸಿ ನೀರಿನ ಲೈನಿಗೆ ಪ್ರೆಷರ್ ಟೆಸ್ಟ್ ಮಾಡಿಸಿ. ಪೈಪಿನ ಒಳಗೆ ಹಗಲೂ ರಾತ್ರಿ ಒತ್ತಡ ಇರುತ್ತದೆ. ಕೂದಲೆಳೆಯಷ್ಟು ಬಿರುಕು ಸಾಕು.

ಇಲ್ಲಿಗೆ ಪಕ್ಕದ ಮನೆಯವರ ಸಲಹೆಯೂ ಇತ್ಯರ್ಥ ಆಗುತ್ತದೆ. ಟೈಲ್ಸ್ ಮೇಲೆ ಟೈಲ್ಸ್ ಅಂಟಿಸುವುದು ಸುಳ್ಳಲ್ಲ. ಒಳ್ಳೆಯ ಅಡ್ಹೆಸಿವ್ ಇದ್ದರೆ ಗಟ್ಟಿಯಾಗಿಯೇ ಕೂರುತ್ತದೆ. ಆದರೆ ಕೆಳಗಿನ ಹಳೇ ಟೈಲ್ ಗಟ್ಟಿಯಾಗಿರಬೇಕು. ಒಂದು ರೂಪಾಯಿ ನಾಣ್ಯ ತೆಗೆದುಕೊಂಡು ಒಂದೊಂದೇ ಟೈಲ್ ತಟ್ಟಿ ನೋಡಿ. ಟಕ್ ಟಕ್ ಅಂದರೆ ಸರಿ, ಡಬ್ ಅಂದರೆ ಒಳಗೆ ಟೊಳ್ಳು. ಹೋದ ವರ್ಷ ಒಂದು ಮನೆಯಲ್ಲಿ ಹೀಗೇ ತಟ್ಟುತ್ತಾ ಹೋದೆ. ನಲ್ಲಿಯ ಕೆಳಗಿನ ಟೈಲು ನಾಣ್ಯದ ಏಟಿಗೇ ನನ್ನ ಕೈಗೆ ಬಂತು, ಹಿಂದೆ ಗಾರೆ ಒದ್ದೆ ಮರಳಿನ ಹಾಗಿತ್ತು. ಅದರ ಮೇಲೆ ಹೊಸ ಟೈಲು ಹಾಕಿದ್ದರೆ ಎರಡೂ ಒಟ್ಟಿಗೇ ಬೀಳುತ್ತಿದ್ದವು. ಇನ್ನೊಂದು ಲೆಕ್ಕ ನೋಡಿ. ಹೊಸ ಟೈಲು, ಅಡ್ಹೆಸಿವ್ ಸೇರಿ ಸುಮಾರು ಅರ್ಧ ಇಂಚು ದಪ್ಪ. ಎರಡೂ ಗೋಡೆಗೆ ಹಾಕಿದರೆ ನಿಮ್ಮ ನಾಲ್ಕೂವರೆ ಅಡಿಯಲ್ಲಿ ಒಂದು ಇಂಚು ಹೋಯಿತು. ನೆಲ ಅರ್ಧ ಇಂಚು ಏರಿ ಬಾಗಿಲು ಉಜ್ಜುತ್ತದೆ. ಗೋಡೆಯೊಳಗಿನ ವಾಲ್ವುಗಳಿಗೆ ಎಕ್ಸ್‌ಟೆನ್ಷನ್ ಹಾಕಬೇಕಾಗುತ್ತದೆ. ಅದೆಲ್ಲ ಇರಲಿ, ಸೋರುವ ನೆಲವನ್ನು ಹೊಸ ಟೈಲ್ಸಿನಿಂದ ಮುಚ್ಚಿದರೆ ಸೋರಿಕೆ ನಿಲ್ಲುವ ಭರವಸೆ ಇಲ್ಲ. ನೆಲದ ಮಟ್ಟಿಗಂತೂ ಆ ಯೋಚನೆ ಬಿಟ್ಟುಬಿಡಿ.

ಈಗ ಅಂದದ ವಿಷಯ. ನಿಮ್ಮ ಬಾತ್‌ರೂಮು ಯಾಕೆ ಹಳೇದಾಗಿ ಕಾಣುತ್ತದೆ? ಟೈಲ್ಸ್ ಅಗ್ಗದ್ದು ಅಂತಲ್ಲ. ಕ್ರೀಮ್ ಬಣ್ಣ ಬಹಳ ಒಳ್ಳೆಯ ಬಣ್ಣ. ಗೋಡೆಯ ತುಂಬ ಕಪ್ಪಾದ ಗೆರೆಗಳಿವೆ, ಕಣ್ಣು ಮೊದಲು ಓದುವುದು ಅದನ್ನೇ. 7 ಅಡಿ ಉದ್ದ, 7 ಅಡಿ ಎತ್ತರದ ಒಂದು ಗೋಡೆ ತೆಗೆದುಕೊಳ್ಳಿ. 8×12 ಇಂಚಿನ ಟೈಲ್ಸ್ ನಿಲ್ಲಿಸಿ ಹಾಕಿದ್ದರೆ ಅದರಲ್ಲಿ ಸುಮಾರು 112 ಅಡಿ ಉದ್ದದ ಸಂದಿ ಇರುತ್ತದೆ. ಅದೇ ಗೋಡೆಗೆ 2×4 ಅಡಿಯ ಟೈಲ್ಸ್ ಹಾಕಿದರೆ ಬರೀ 28 ಅಡಿ. ಚಿಕ್ಕ ಬಾತ್‌ರೂಮಿಗೆ ಚಿಕ್ಕ ಟೈಲ್ಸೇ ಹಾಕಬೇಕು ಅನ್ನುವ ಮಾತು ಅಂಗಡಿಗಳಲ್ಲಿ ಇಂದಿಗೂ ಕೇಳುತ್ತದೆ. ಗೋಡೆಗೆ ಅದು ತಿರುಗುಮುರುಗು. ನೆಲಕ್ಕೆ ಮಾತ್ರ ನಿಜ, ಯಾಕೆಂದರೆ ಟ್ರ್ಯಾಪಿನ ಕಡೆಗೆ ಇಳಿಜಾರು ಕೊಡಲು ಒಂದು ಅಡಿಯ ಟೈಲನ್ನು ಓರೆಯಾಗಿ ಕೂರಿಸಬಹುದು, ನಾಲ್ಕು ಅಡಿಯದ್ದನ್ನು ಹಾಗೆ ಕೂರಿಸುವುದು ಕಷ್ಟ.

ಟೈಲ್ಸ್ ಬದಲಾಯಿಸಲು ದುಡ್ಡಿಲ್ಲ, ಸರಿ. ಗೆರೆಯ ಬಣ್ಣ ಬದಲಾಯಿಸಬಹುದಲ್ಲ? 14 ವರ್ಷದ ಹಿಂದೆ ಸಂದಿಗೆ ತುಂಬಿದ್ದು ಬಿಳಿ ಸಿಮೆಂಟು ಇರಬೇಕು. ಅದು ನೀರು ಕುಡಿಯುತ್ತದೆ, ಸೋಪು ಕುಡಿಯುತ್ತದೆ, ಕಪ್ಪಾಗುತ್ತದೆ. ಅದನ್ನು ಎರಡು ಮೂರು ಮಿಲಿಮೀಟರ್ ಆಳಕ್ಕೆ ಕೆರೆದು ತೆಗೆಸಿ, ಟೈಲ್ಸಿನದ್ದೇ ಕ್ರೀಮ್ ಬಣ್ಣದ ಎಪಾಕ್ಸಿ ಗ್ರೌಟ್ ತುಂಬಿಸಿ. ಬಣ್ಣ ಸರಿಯಾಗಿ ಹೊಂದಿದರೆ ಗೋಡೆ ಒಂದೇ ಹಾಳೆಯ ಹಾಗೆ ಕಾಣುತ್ತದೆ. ಎಪಾಕ್ಸಿ ನೀರು ಹೀರುವುದಿಲ್ಲ, ಕಲೆ ಹಿಡಿಯುವುದು ತೀರಾ ಕಡಿಮೆ. ಆದರೆ ಕೆಲಸ ಗೊತ್ತಿರುವವರೇ ಮಾಡಬೇಕು. ಬೇಗ ಗಟ್ಟಿಯಾಗುತ್ತದೆ. ಟೈಲ್ ಮೇಲೆ ಉಳಿದ ಅಂಟನ್ನು ಆ ಹೊತ್ತಿಗೇ ಒರೆಸದಿದ್ದರೆ ಮಂಜು ಕವಿದ ಹಾಗೆ ಶಾಶ್ವತವಾಗಿ ಕೂತುಬಿಡುತ್ತದೆ. ಒಂದು ಮೂಲೆಯಲ್ಲಿ ಎರಡು ಅಡಿ ಮಾಡಿಸಿ, ಮಾರನೇ ದಿನ ನೋಡಿ, ಆಮೇಲೆ ಮುಂದುವರಿಸಿ. ಗೋಡೆ ಗೋಡೆ ಸೇರುವ ಮೂಲೆಗಳಿಗೆ ಗ್ರೌಟ್ ಬೇಡ, ಬೂಸ್ಟು ಹಿಡಿಯದ ಸಿಲಿಕೋನ್ ಹಾಕಿಸಿ. ಅಲ್ಲಿ ಗೋಡೆ ಸ್ವಲ್ಪ ಅಲುಗುತ್ತಿರುತ್ತದೆ, ಗಟ್ಟಿ ಗ್ರೌಟು ಬಿರುಕು ಬಿಡುತ್ತದೆ.

ಮನೆಯಲ್ಲಿ ಆಸಿಡ್ ಬಾಟಲಿ ಇದ್ದರೆ ಹೊರಗೆ ಹಾಕಿ. ವಾರಕ್ಕೊಮ್ಮೆ ಆಸಿಡ್ ಸುರಿದು ತೊಳೆಯುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಸಂದಿಯ ಸಿಮೆಂಟನ್ನು ಅದೇ ತಿಂದು ಹಾಕುವುದು. ನಲ್ಲಿಯ ಹೊಳಪನ್ನೂ ತೆಗೆಯುತ್ತದೆ. ಆಸಿಡ್ಡೂ ಬ್ಲೀಚಿಂಗೂ ಸೇರಿದರಂತೂ ಕ್ಲೋರಿನ್ ಅನಿಲ ಬರುತ್ತದೆ, ಬಾಗಿಲು ಹಾಕಿಕೊಂಡು ತೊಳೆಯುವವರ ಜೀವಕ್ಕೇ ಕುತ್ತು.

ಹೂವಿನ ಬಾರ್ಡರ್ ಬಗ್ಗೆ ಒಂದು ಮಾತು. ಆ ಕಾಲದಲ್ಲಿ ಎಲ್ಲರೂ ಅದನ್ನೇ ಹಾಕಿಸಿದರು, ಕೆಲವರು ಡಾಲ್ಫಿನ್ ಹಾಕಿಸಿದರು, ಅವರ ಕಷ್ಟ ಇನ್ನೂ ದೊಡ್ಡದು. ಬಾರ್ಡರ್ ಗೋಡೆಯನ್ನು ಅಡ್ಡಕ್ಕೆ ಎರಡು ಹೋಳು ಮಾಡುತ್ತದೆ. ಏಳೇ ಅಡಿ ಎತ್ತರದ ಕೋಣೆ ಅದರಿಂದ ಇನ್ನೂ ಗಿಡ್ಡ ಅನ್ನಿಸುತ್ತದೆ. ಆ ಒಂದು ಸಾಲನ್ನು ಮಾತ್ರ ಗ್ರೈಂಡರಿನಿಂದ ಬಿಡಿಸಿ, ಅದೇ ಅಗಲಕ್ಕೆ ಕತ್ತರಿಸಿದ ಸಾದಾ ಕ್ರೀಮ್ ಟೈಲ್ಸ್ ಕೂರಿಸಬಹುದು. ಬಣ್ಣ ಕೂದಲೆಳೆಯಷ್ಟು ಬೇರೆ ಆದರೂ ನಡೆಯುತ್ತದೆ, ಹೂವಿಗಿಂತ ಎಷ್ಟೋ ವಾಸಿ. ಅಕ್ಕಪಕ್ಕದ ಒಂದೆರಡು ಟೈಲು ಒಡೆಯುವ ಅಪಾಯ ಇದೆ. ಅಟ್ಟದ ಮೇಲೆ ಹಳೇ ಟೈಲ್ಸಿನ ಡಬ್ಬ ಉಳಿದಿದೆಯಾ ಅಂತ ಮೊದಲು ಹುಡುಕಿ. ನಮ್ಮ ಮನೆಗಳ ಅಟ್ಟದಲ್ಲಿ ಅದು ಸಿಕ್ಕೇ ಸಿಗುತ್ತದೆ.

ಕಪ್ಪು ಟೈಲ್ಸ್ ಆಸೆಗೆ ತಣ್ಣೀರು ಎರಚಬೇಕಾಗಿದೆ, ಅದೂ ನಿಮ್ಮ ಬೋರ್‌ವೆಲ್ ನೀರನ್ನೇ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಹನಿ ಒಣಗಿದಾಗ ನೀರು ಹೋಗುತ್ತದೆ, ಬಿಳಿ ಉಪ್ಪು ಉಳಿಯುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಗಡಸುತನದ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ನಿಮ್ಮ ಬಕೆಟ್ಟಿನ ಅಂಚಿನಲ್ಲಿ ಬಿಳಿ ಪಟ್ಟಿ ಕಟ್ಟುತ್ತದೆ ಅಂದರೆ ನೀರು ಗಡಸೇ. ಹೋಟೆಲಿನ ಕಪ್ಪು ಗೋಡೆ ಹೊಳೆಯುವುದಕ್ಕೆ ಕಾರಣ ಅಲ್ಲಿ ದಿನಾ ಒಬ್ಬರು ಬಂದು ಒರೆಸುತ್ತಾರೆ. ನಿಮ್ಮ ಮನೆಯಲ್ಲಿ ಆ ಒಬ್ಬರು ಯಾರು?

ಗ್ಲಾಸ್ ಪಾರ್ಟಿಷನ್‌ಗೂ ಇದೇ ಮಾತು. ದಿನಾ ವೈಪರ್ ಹಾಕಿ ಎಳೆಯದಿದ್ದರೆ ಕೆಲವೇ ತಿಂಗಳಲ್ಲಿ ಅದು ಹಾಲು ಚೆಲ್ಲಿದ ಗಾಜಾಗುತ್ತದೆ. ಜೊತೆಗೆ ನಾಲ್ಕೂವರೆ ಅಡಿ ಅಗಲದಲ್ಲಿ ಬಾಗಿಲಿರುವ ಪಾರ್ಟಿಷನ್ ಹಾಕಿದರೆ ಅತ್ತೆಯವರಿಗೆ ತಿರುಗಲು ಜಾಗ ಇರದು, ಅವರು ಬಿದ್ದರೆ ಎತ್ತಲು ಒಳಗೆ ಹೋಗುವುದೂ ಕಷ್ಟ. ಒಣ ಜಾಗ, ಒದ್ದೆ ಜಾಗ ಬೇರೆ ಮಾಡುವ ಯೋಚನೆ ಮಾತ್ರ ಒಳ್ಳೆಯದು. ಅದಕ್ಕೆ ಸೀಲಿಂಗಿನಿಂದ ಇಳಿಬಿಟ್ಟ ಬಿಳೀ ಕರ್ಟನ್ ಸಾಕು. ರಾಡನ್ನು ತೀರಾ ಮೇಲೆ, ಅಟ್ಟಕ್ಕೇ ತಾಗಿಸಿ ಹಾಕಿ. ಕೋಣೆ ಎತ್ತರವಾಗಿ ಕಾಣುತ್ತದೆ. ಕೊಳೆಯಾದರೆ ವಾಷಿಂಗ್ ಮಷೀನಿಗೆ ಹಾಕಿದರಾಯಿತು.

ಹೋಟೆಲ್ ಲುಕ್ ಅಂತ ನೀವು ಹೇಳುವುದರಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲು ದೀಪದ್ದು. ನಾನಿದನ್ನು ಎಷ್ಟು ಹೇಳಿದರೂ ಜನ ನಂಬುವುದಿಲ್ಲ, ಟೈಲ್ಸ್ ಅಂಗಡಿಗೇ ಓಡುತ್ತಾರೆ. ಈಗ ನಿಮ್ಮಲ್ಲಿ ಬಾಗಿಲ ಮೇಲೆ ಒಂದು ಬಿಳೀ ಟ್ಯೂಬೋ ಬಲ್ಬೋ ಇರಬೇಕು. ಆ ನೀಲಿ ಛಾಯೆಯ ಬೆಳಕು ಸಾಮಾನ್ಯವಾಗಿ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ ಅದು). ಕ್ರೀಮ್ ಟೈಲನ್ನು ಅದು ಮಾಸಿದ ಬೂದಿ ಬಣ್ಣ ಮಾಡುತ್ತದೆ, ಮುಖ ನೋಡಿಕೊಂಡರೆ ಮೂರು ದಿನ ಜ್ವರ ಬಂದವರ ಹಾಗೆ. ಅದರ ಜಾಗಕ್ಕೆ 3000 ಕೆಲ್ವಿನ್ನಿನ ವಾರ್ಮ್ ವೈಟ್ ಹಾಕಿ. ಡಬ್ಬದ ಮೇಲೆ ಸಿಆರ್‌ಐ 90 ಅಂತ ಇದ್ದರೆ ಚರ್ಮದ ಬಣ್ಣ, ಟೈಲ್ಸಿನ ಬಣ್ಣ ಸರಿಯಾಗಿ ಕಾಣುತ್ತದೆ. ಒಂದು ದೀಪ ಕನ್ನಡಿಯ ಮೇಲೆ ಇರಲಿ. ಇನ್ನೊಂದು, ಅಟ್ಟದ ಕೆಳಗಿನ ಅಂಚಿನಲ್ಲಿ ಅಲ್ಯೂಮಿನಿಯಂ ಪಟ್ಟಿಯೊಳಗೆ ಎಲ್‌ಇಡಿ ಸ್ಟ್ರಿಪ್, ಬೆಳಕು ಗೋಡೆಯ ಮೇಲೆ ಜಾರಿ ಇಳಿಯುವ ಹಾಗೆ. ಇದು ಒಂದು ಸಾಹಸದ ಕೆಲಸವೂ ಹೌದು. ಗೋಡೆಗೆ ಓರೆಯಾಗಿ ಬೀಳುವ ಬೆಳಕು ಅಂಕುಡೊಂಕಾಗಿ ಕೂರಿಸಿದ ಪ್ರತಿ ಟೈಲನ್ನೂ ಎತ್ತಿ ತೋರಿಸುತ್ತದೆ. ಮೊದಲು ರಾತ್ರಿ ಹೊತ್ತು ಮೊಬೈಲ್ ಟಾರ್ಚನ್ನು ಗೋಡೆಗೆ ಒತ್ತಿ ಹಿಡಿದು ನೋಡಿ. ನೆರಳು ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಸ್ಟ್ರಿಪ್ ಬೇಡ, ಕನ್ನಡಿಯ ದೀಪವೇ ಸಾಕು. ನೀರು ಸಿಡಿಯುವ ಜಾಗಕ್ಕೆ ಐಪಿ 65 ಇರುವ ದೀಪವನ್ನೇ ಕೇಳಿ. ಎಲೆಕ್ಟ್ರಿಷಿಯನ್ ಹೇಗೂ ಬರುತ್ತಾನೆ, ಗೀಸರ್ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ, ಅಂದರೆ ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚು, ಇದೆಯಾ ಅಂತ ಅವನ ಕೈಯಲ್ಲೇ ನೋಡಿಸಿಬಿಡಿ. ಇದು ಅಂದಕ್ಕಲ್ಲ, ಜೀವಕ್ಕೆ.

ಕನ್ನಡಿ ದೊಡ್ಡದಿರಲಿ. ವಾಷ್‌ಬೇಸಿನ್ನಿನ ಮೇಲಿನ ಗೋಡೆಯ ಪೂರ್ತಿ ಅಗಲಕ್ಕೆ, ಫ್ರೇಮ್ ಇಲ್ಲದೆ. ನಮ್ಮ ಮನೆಯಲ್ಲೇ ನಾನು ಚೆಂದ ಕಂಡಿತು ಅಂತ ಮರದ ಫ್ರೇಮಿನ ಕನ್ನಡಿ ಹಾಕಿ, ಒಂದು ಮಳೆಗಾಲದಲ್ಲಿ ಅದು ಉಬ್ಬಿ ಬಾಯಿ ಬಿಟ್ಟಿತು. ಅದೇ ವರ್ಷ ಅಗ್ಗಕ್ಕೆ ಸಿಕ್ಕಿತು ಅಂತ ಕಪ್ಪು ನಲ್ಲಿಯನ್ನೂ ತಂದೆ. ಎಂಟು ತಿಂಗಳಿಗೆ ಹಿಡಿಯ ಹತ್ತಿರ ಬಣ್ಣ ಸಿಪ್ಪೆ ಎದ್ದಿತು. ಅದು ಬರೀ ಪೇಂಟು. ಬಾಳಿಕೆ ಬರುವ ಕಪ್ಪು, ಚಿನ್ನದ ಬಣ್ಣ ಬೇಕಾದರೆ ಪಿವಿಡಿ ಕೋಟಿಂಗ್ (ಲೋಹದ ಆವಿಯಿಂದ ಕೂರಿಸಿದ ಗಟ್ಟಿ ಪದರ) ಇರಬೇಕು, ಅದು ನಿಮ್ಮ ಬಜೆಟ್ಟಿಗೆ ಭಾರ. ಸಾದಾ ಕ್ರೋಮ್ ತಗೊಳ್ಳಿ, ಹಿತ್ತಾಳೆಯ ಒಡಲಿನದ್ದು. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ನಲ್ಲಿ, ಶವರ್, ಟವೆಲ್ ರಾಡ್, ಕೊಕ್ಕೆ ಎಲ್ಲ ಒಂದೇ ಬಣ್ಣದ ಲೋಹ ಇರಲಿ, ಒಂದೇ ಕಂಪನಿಯದ್ದು ಆಗಬೇಕಿಲ್ಲ. ಇರುವ ನಲ್ಲಿಯ ಬಿಳಿ ಪೊರೆ ಹೋಗಬೇಕಾದರೆ ಬಟ್ಟೆಯನ್ನು ವಿನಿಗರಿನಲ್ಲಿ ನೆನೆಸಿ ಇಪ್ಪತ್ತು ನಿಮಿಷ ಸುತ್ತಿಡಿ. ನೀರಿನಲ್ಲಿ ತೊಳೆದು ಒರೆಸಿ, ಆಮೇಲೆ ಹೊಸದು ಬೇಕಾ ಅಂತ ನಿರ್ಧರಿಸಿ. ಮಾರ್ಬಲ್ಲಿಗೆ ಮಾತ್ರ ವಿನಿಗರ್ ತಾಗಿಸಬೇಡಿ, ಅದರ ಹೊಳಪು ಹೋಗುತ್ತದೆ.

ಕಪ್ಪಿನ ಆಸೆ ಪೂರ್ತಿ ಬಿಡಬೇಕಾಗಿಲ್ಲ. ಗ್ರಾನೈಟ್ ಅಂಗಡಿಯ ಹಿಂದೆ ಒಂದು ರಾಶಿ ಬಿದ್ದಿರುತ್ತದೆ ನೋಡಿ, ಅಡುಗೆಮನೆ ಕಟ್ಟೆ ಕತ್ತರಿಸಿ ಉಳಿದ ತುಂಡುಗಳು. ನಮ್ಮ ಚಾಮರಾಜನಗರದ ಕಪ್ಪು ಕಲ್ಲು ಹೊರದೇಶಕ್ಕೆ ಹೋಗುವಂಥ ಕಲ್ಲು. ಅದರ ಆರು ಇಂಚು ಅಗಲದ ತುಂಡು ಸಿಕ್ಕರೂ ಕನ್ನಡಿಯ ಕೆಳಗೆ ಒಂದು ಉದ್ದನೆಯ ಪಟ್ಟಿ, ಕಿಟಕಿಗೆ ಒಂದು ಹಲಗೆ ಆಗುತ್ತದೆ. ಅಂಚು ಪಾಲಿಶ್ ಮಾಡಿಸಿ. ಕೈ ತಾಗುವ ಕಡೆ ನಿಜವಾದ ಕಲ್ಲು ಇದ್ದರೆ ಉಳಿದ ಗೋಡೆಯ ಬೆಲೆಯೂ ಏರಿದ ಹಾಗೆ ಕಾಣುತ್ತದೆ. ಇಷ್ಟು ಚಿಕ್ಕ ಜಾಗ, ದಿನಕ್ಕೊಮ್ಮೆ ಒರೆಸುವುದೂ ಕಷ್ಟವಿಲ್ಲ.

ಟೈಲ್ಸ್ ಮೇಲೆ ಅಂಟಿಸುವ ಸ್ಟಿಕರು ಬೇಡ. ಟೈಲ್ ಪೇಂಟೂ ಒದ್ದೆ ಜಾಗಕ್ಕೆ ಬೇಡ. ಮದುವೆಯ ಫೋಟೋಗೆ ಚೆನ್ನಾಗಿ ಬರುತ್ತದೆ, ದೀಪಾವಳಿಗೆ ಸಿಪ್ಪೆ ಏಳುತ್ತದೆ.

ದೀಪಾವಳಿ ಅಂದಾಗ ನೆನಪಾಯಿತು. ನೀರು ತುಂಬುವ ಹಬ್ಬದ ಸಂಜೆ ನಮ್ಮಜ್ಜಿ ಬಚ್ಚಲು ಮನೆಯಲ್ಲಿದ್ದ ಸಾಮಾನನ್ನೆಲ್ಲ ಹೊರಗೆ ಹಾಕಿ, ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಒಂದು ದೀಪ ಇಡುತ್ತಿದ್ದರು. ಹೊಗೆ ಹಿಡಿದ ಅದೇ ಕೋಣೆ ಅರಮನೆಯಾಗುತ್ತಿತ್ತು. ನೀವೂ ಒಂದು ಸಲ ಕೆಂಪು ಬಕೆಟ್ಟು, ನೀಲಿ ಮಗ್ಗು, ಹಸಿರು ಸ್ಟೂಲು, ಏಳು ಶಾಂಪೂ ಬಾಟಲಿ, ಬಾಗಿಲ ಹಿಂದಿನ ಬಟ್ಟೆ ಎಲ್ಲ ಹೊರಗಿಟ್ಟು ನೋಡಿ. ಖರ್ಚಿಲ್ಲದೆ ಕೋಣೆ ಎಷ್ಟು ಬದಲಾಯಿತು ಅಂತ ಗೊತ್ತಾಗುತ್ತದೆ. ವಾಪಸ್ ಒಳಗೆ ತರುವಾಗ ಒಂದೇ ಬಣ್ಣದ ಬಕೆಟ್ಟು, ಮಗ್ಗು, ಸ್ಟೂಲು ತನ್ನಿ. ಸ್ಟೀಲ್ ಬಕೆಟ್ಟಿಗೆ ಒಂದು ತಾಮ್ರದ ಚೊಂಬು ಇನ್ನೂ ಚೆಂದ.

ಇನ್ನು ದುಡ್ಡಿನ ಲೆಕ್ಕ. ಇದು ನನ್ನ ಅಂದಾಜು, ಕೂಲಿ ನಿಮ್ಮ ಊರಿನಲ್ಲಿ ಹೆಚ್ಚುಕಮ್ಮಿ ಆಗಬಹುದು. ನೀರು ನಿಲ್ಲಿಸಿದ ಪರೀಕ್ಷೆಯಲ್ಲಿ ನೆಲ ಪಾಸಾದರೆ ಒಡೆಯುವುದೇನೂ ಬೇಡ. ಗ್ರೌಟು, ಬಾರ್ಡರು, ಟ್ರ್ಯಾಪಿನ ಸುತ್ತ ರಿಪೇರಿ ಸೇರಿ 20 ಸಾವಿರದ ಆಸುಪಾಸು. ದೀಪಕ್ಕೆ 6, ಕನ್ನಡಿ ಮತ್ತು ಕಲ್ಲಿಗೆ 8, ನಲ್ಲಿ ಶವರಿಗೆ 12 ಸಾವಿರ. ಪೈಪು ಸೋರುತ್ತಿದ್ದರೆ ಅದರ ರಿಪೇರಿ ಬೇರೆ, ಅದಕ್ಕೂ ಇದರಲ್ಲೇ ದುಡ್ಡು ಉಳಿಯುತ್ತದೆ.

ನೆಲ ಫೇಲಾದರೆ ಆಸೆಗಳನ್ನು ಸ್ವಲ್ಪ ಮಡಚಿಡಿ. ಆಗ ನೆಲವನ್ನೂ ಗೋಡೆಯ ಕೆಳಗಿನ ಒಂದು ಅಡಿಯನ್ನೂ ಒಡೆಸಿ. ಒಳಗಿನ ಒದ್ದೆ ಚೂರನ್ನು ತೆಗೆಸಿ, ಎರಡು ಕೋಟ್ ವಾಟರ್‌ಪ್ರೂಫಿಂಗ್ ಮಾಡಿಸಿ, ಗೋಡೆಗೂ ಒಂದು ಅಡಿ ಹತ್ತಿಸಿ. ಟೈಲ್ಸ್ ಹಾಕುವ ಮುಂಚೆ ಮತ್ತೆ ನೀರು ನಿಲ್ಲಿಸಿ ನೋಡಲೇಬೇಕು. ಕಂಟ್ರಾಕ್ಟರ್ ‘ಬೇಡ ಬಿಡಿ ಮೇಡಂ’ ಅಂದರೂ ಬಿಡಬೇಡಿ. ಮೇಲೆ ಒಂದು ಅಡಿಯ, ಜಾರದ ಮ್ಯಾಟ್ ಟೈಲ್ಸ್, ನಡು ಬೂದಿ ಬಣ್ಣದ್ದು. ಉಪ್ಪಿನ ಕಲೆಯೂ ಕಾಣದು, ಕೂದಲೂ ಕಾಣದು. ಅದೇ ಟೈಲನ್ನು ಗೋಡೆಗೆ ಒಂದು ಅಡಿ ಹತ್ತಿಸಿದರೆ ರಿಪೇರಿ ಮಾಡಿದ್ದು ಅಂತ ಯಾರಿಗೂ ಅನ್ನಿಸದು, ಬೇಕು ಅಂತಲೇ ಮಾಡಿಸಿದ ವಿನ್ಯಾಸ ಅನ್ನಿಸುತ್ತದೆ. ಇದಕ್ಕೇ 35 ಸಾವಿರದವರೆಗೆ ಹೋಗಬಹುದು. ಉಳಿದದ್ದರಲ್ಲಿ ದೀಪ, ಗ್ರೌಟು, ಕನ್ನಡಿ. ನಲ್ಲಿ ಮುಂದಿನ ವರ್ಷಕ್ಕೆ.

ಎರಡರಲ್ಲಿ ಯಾವುದಾದರೂ ಸರಿ, ಅತ್ತೆಯವರಿಗೆ ಕಮೋಡಿನ ಪಕ್ಕ ಒಂದು ಹಿಡಿಕೆ ಹಾಕಿಸಿ. 304 ಗ್ರೇಡಿನ ಸ್ಟೀಲು, ನೆಲದಿಂದ 33ರಿಂದ 36 ಇಂಚು ಎತ್ತರ. ಸ್ಕ್ರೂ ಟೈಲು ದಾಟಿ ಇಟ್ಟಿಗೆಯೊಳಗೆ ಇಳಿಯಬೇಕು. ಕೂರಿಸಿದ ಮೇಲೆ ನಿಮ್ಮ ಪೂರ್ತಿ ಭಾರ ಹಾಕಿ ಜೋತು ನೋಡಿ. ಅದನ್ನು ಟವೆಲ್ ರಾಡಿನ ಬಣ್ಣದ್ದೇ ತಂದರೆ ಆಸ್ಪತ್ರೆಯ ನೆನಪು ಬರುವುದಿಲ್ಲ.

ನೆಲ ಒಡೆಯುವುದಾದರೆ ಎಂಟು ಹತ್ತು ದಿನ ಬಾತ್‌ರೂಮು ಸಿಗುವುದಿಲ್ಲ. ಎಪಾಕ್ಸಿ ಮಾತ್ರ ಆದರೂ ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ನೀರು ತಾಗಿಸಬಾರದು. ಮದುವೆಗೆ ಕನಿಷ್ಠ ಒಂದು ತಿಂಗಳು ಮುಂಚೆ ಮುಗಿಯುವ ಹಾಗೆ ನೋಡಿಕೊಳ್ಳಿ. ಇರುವುದು ಒಂದೇ ಬಾತ್‌ರೂಮು ಅಂತೀರಿ. ಕೆಳಗಿನ ಮನೆಯವರನ್ನು ಈಗಲೇ ಕೇಳಿಟ್ಟುಕೊಳ್ಳಿ. ಸರಿಯಾಗುತ್ತಿರುವುದು ಅವರ ಸೀಲಿಂಗೂ ಹೌದಲ್ವಾ, ಇಲ್ಲ ಅನ್ನಲಾರರು.